ಎರೆಹೊಲ ನುಂಗಿದ ನಶ್ಯದ ಡಬ್ಬಿ

ಬಸಲಿಂಗಪ್ಪ ಮಾಸ್ತರರು ಮಣ್ಣು ತಿನ್ನುತ್ತಿದ್ದರು. ಹೊಟ್ಟೆ ತುಂಬ ಅಲ್ಲ, ಒಂದು ಚಿಟಿಕೆ ನಾಲಗೆಯ ತುದಿಗಿಟ್ಟು ಕಣ್ಣು ಮುಚ್ಚುವರು. ಆಮೇಲೆ "ಇದು ಮಳಿ ಕಂಡ ಮಣ್ಣು", "ಇದು ಬರಗಾಲದ್ದು" ಎಂದು ತೀರ್ಪು ಕೊಡುವರು. ಯರಗುಪ್ಪಿಯ ಹೆಣ್ಣುಮಕ್ಕಳು ಬಿಡುತ್ತಾರೆಯೇ? "ಮಾಸ್ತರಗ ಎಷ್ಟನೇ ತಿಂಗಳ್ರಿ, ಅಕ್ಕಾರ?" ಎಂದು ನನ್ನನ್ನು ಕೇಳಿ ನಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಆ ಊರಿನ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರು. ಅವರು ಭೂಗೋಳ ಕಲಿಸುವವರು.

ಅವರಿಗೆ ಎರಡು ಚಟ: ನಶ್ಯ ಏರಿಸುವುದು ಮತ್ತು ತಗ್ಗು ತೋಡುವುದು. ನಶ್ಯದ ಹಿತ್ತಾಳೆ ಡಬ್ಬಿ ಬೇಸಿಗೆಯಲ್ಲಿ ಕಳೆದುಹೋಗಿತ್ತು. ಹೆಡ್ ಮಾಸ್ತರರೇ ಎಗರಿಸಿದ್ದಾರೆಂದು ಇವರ ಗುಮಾನಿ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಳೆಗಾಲ ಮುಗಿದ ಮೇಲೆ ಶಾಲೆಯ ಹಿಂದಿನ ಕಪ್ಪು ಮಣ್ಣಿನ ಎರೆಹೊಲದಲ್ಲಿ ತಾವೇ ಹಾರೆ ಹಿಡಿದು ಎದೆಮಟ್ಟದ ತಗ್ಗು ತೋಡಿದರು. ಅದರ ಗೋಡೆಯಲ್ಲಿ ಬಸವನಹುಳದ ಚಿಪ್ಪು ತೋರಿಸಿ, "ನೋಡ್ರಿ, ಇಲ್ಲಿ ಒಂದ ಕಾಲಕ್ಕ ನೀರ ನಿಲ್ತಿತ್ತು" ಎನ್ನುವರು. ಬಿಳಿ ಸುಣ್ಣದ ಹರಳು ತೋರಿಸಿ, "ಇದು ಒಣ ಕಾಲದ ಗುರುತು. ಮನಷ್ಯಾ ಮರೀತಾನ್ರಿ, ಮಣ್ಣ ಮರಿಯೂದಿಲ್ಲ" ಎನ್ನುವರು.

ಆ ತಗ್ಗಿಗೆ ಗೌಡರ ಎಮ್ಮೆ ಬಿತ್ತು. ಮುಚ್ಚಿಸಿಯೇ ತೀರುತ್ತೇನೆಂದು ಹೆಡ್ ಮಾಸ್ತರರು ಹಟ ಹಿಡಿದರು. ಕಡೆಗೆ, ತಪಾಸಣೆಗೆ ಬರುವ ಸಾಹೇಬರು ಮೆಚ್ಚಿದರೆ ತಗ್ಗು ಉಳಿಯಬೇಕು, ಇಲ್ಲದಿದ್ದರೆ ಮಾಸ್ತರರೇ ಮುಚ್ಚಬೇಕು ಎಂದಾಯಿತು. ಸಾಹೇಬರು ಬರುವತನಕ ಮಾಸ್ತರರಿಗೆ ರೊಟ್ಟಿ ಸೇರಲಿಲ್ಲ.

ಸಾಹೇಬರು ಬಂದರು. ಮಾಸ್ತರರು ತಗ್ಗಿಗಿಳಿದು, ತಳದ ಪದರಿನ ಮೇಲೆ ಕೈಯಿಟ್ಟು, "ಸಾಹೇಬ್ರ, ಇದಕ್ಕ ಸಾವಿರಾರು ವರ್ಷದಿಂದ ಯಾರ ಕೈನೂ ತಾಗಿಲ್ಲರಿ" ಎಂದರು. ಸಾಹೇಬರು ಬಡಿಗೆಯಿಂದ ಅಲ್ಲೇ ತಿವಿದರು. ಒಂದು ಹೆಂಟೆ ಉದುರಿತು. ಅದರ ಹಿಂದೆಯೇ ಹಿತ್ತಾಳೆ ಡಬ್ಬಿಯೂ ಉದುರಿತು. ಮುಚ್ಚಳದ ಮೇಲೆ ಮಾಸ್ತರರ ಹೆಸರು.

"ಆಗಿನ ಮಂದಿನೂ ನಶ್ಯಾ ಏರಸ್ತಿದ್ರೇನ್ರಿ?" ಎಂದರು ಸಾಹೇಬರು. ಹೆಡ್ ಮಾಸ್ತರರು ನಕ್ಕ ನಗೆಗೆ ಅವರ ಕರಿಟೊಪ್ಪಿಗೆ ತಗ್ಗಿಗೆ ಬಿತ್ತು. ನಾನೂ ಸೆರಗು ಬಾಯಿಗಿಟ್ಟುಕೊಂಡೆ.

ಮಾಸ್ತರರು ಡಬ್ಬಿ ತೆರೆದು, ಉಳಿದಿದ್ದ ನಶ್ಯ ಏರಿಸಿ, ಗಟ್ಟಿಯಾಗಿ ಸೀನಿದರು. "ಬ್ಯಾಸಗ್ಯಾಗ ಎರಿ ಬಾಯಿ ಬಿಡತೈತ್ರಿ. ಇಲ್ಲೆ ಮಣ್ಣ ತಗೊಳ್ಳಾಕ ನಾ ಬಗ್ಗಿದಾಗ ಕಿಸೆದಿಂದ ಬಿರಕಿನಾಗ ಜಾರಿರಬೇಕು. ಮಳಿ ಬಂದು ಬಾಯಿ ಮುಚ್ಚಕೊಂಡೈತಿ. ಮಣ್ಣ ಸುಳ್ಳ ಹೇಳಿಲ್ರಿ, ನಾನ ಅವಸರ ಮಾಡಿದೆ" ಎಂದರು. ಬಳಿಕ ಹೆಡ್ ಮಾಸ್ತರರಿಗೆ ಕೈಮುಗಿದು, "ನಿಮ್ಮನ್ನ ಕಳ್ಳ ಅಂದಿದ್ದೆ, ತಪ್ಪಾತ್ರಿ" ಎಂದರು.

"ಇರ್ಲಿ ಬಿಡ್ರಿ. ಟೊಪಗಿ ಕೊಡ್ರಿ, ತಗ್ಗ ಮುಚ್ಚರಿ."

ಮುಚ್ಚಿದರು. ಅಷ್ಟು ನಕ್ಕಿದ್ದ ನನಗೆ ಆಗ ಅಳು ಬಂತು.

ಮುಂದಿನ ಬೇಸಿಗೆಯಲ್ಲಿ ಅವರಿಗೆ ನವಲಗುಂದಕ್ಕೆ ವರ್ಗವಾಯಿತು. ಬಸ್ಸಿಗೆ ಹೊರಟವರು ಶಾಲೆಯ ಹಿಂದೆ ಹೋಗಿ, ಅಗಲವಾದ ಒಂದು ಬಿರುಕು ಹುಡುಕಿ, ಡಬ್ಬಿಯನ್ನು ಅದರೊಳಗೆ ಬಿಟ್ಟರು.

"ಅಯ್ಯ, ಯಾಕ್ರಿ ಸರ?" ಎಂದೆ.

"ನನ್ನಂಥಾಂವ ಇನ್ನೊಬ್ಬ ಬಂದು ತೋಡ್ತಾನ್ರಿ ಅಕ್ಕಾರ. ಅವಗೂ ಒಬ್ಬ ಗುರು ಬೇಕಲ್ರಿ?"

ಮತ್ತೆ ಅವರನ್ನು ನಾನು ನೋಡಲಿಲ್ಲ. ಅವರಂಥವರು ಇನ್ನೊಬ್ಬರು ಆ ಶಾಲೆಗೆ ಬರಲೂ ಇಲ್ಲ. ಡಬ್ಬಿ ಇನ್ನೂ ಅಲ್ಲೇ ಇದೆ.