ಒಲೆ ಹೊತ್ತಿಸದ ಓಣಿ

ಅಪ್ಪ ತೀರಿಕೊಂಡ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನು ಸುರಪುರದ ನಮ್ಮ ಓಣಿಯಲ್ಲಿ, ಪಕ್ಕದ ಮನೆಯ ಶಾಂತಾಬಾಯಿಯವರ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ. ಕೈಯಲ್ಲಿ ಖಾಲಿ ಥರ್ಮಾಸ್ ಇತ್ತು. ಮಾತನಾಡಿಸಲು ಬಂದಿದ್ದ ನಮ್ಮ ಶಾಲೆಯವರಿಗೆ ಒಂದಿಷ್ಟು ಚಹಾ ಕೇಳೋಣವೆಂದು ಹೋಗಿದ್ದೆ. ಒಲೆ ತಣ್ಣಗಿತ್ತು. ರೊಟ್ಟಿಯ ಹಂಚು ಗೋಡೆಗೆ ಒರಗಿತ್ತು. ಬೆಳಿಗ್ಗೆ ನಾದಲೆಂದು ಸೋಸಿಟ್ಟ ಜೋಳದ ಹಿಟ್ಟು ಪರಾತದಲ್ಲಿ ಹಾಗೆಯೇ ಇತ್ತು. ಶಾಂತಾಬಾಯಿ ಹಣೆ ಹಿಡಿದು ನೆಲದ ಮೇಲೆ ಕೂತಿದ್ದರು.

"ಏನಾಯ್ತಮ್ಮಾ?"

"ಏನಿಲ್ಲ ಮಾಸ್ತರ. ಸ್ವಲ್ಪ ಚಕ್ಕರ್ ಬಂದಂಗ ಆಗ್ಯಾದ."

ಅವರಿಗೆ ಸಕ್ಕರೆ ಕಾಯಿಲೆಯಿರುವುದು ನನಗೆ ಗೊತ್ತಿತ್ತು. ಊಟ ಮಾಡಿಲ್ಲವೇ ಎಂದು ಕೇಳಿದೆ.

"ನಿಮ್ಮಪ್ಪಾರು ಅಲ್ಲಿ ಮಲಗ್ಯಾರ. ಅವರನ್ನ ಎತ್ತೋತನಕ ನಮ್ಮ ಓಣ್ಯಾಗ ಒಲಿ ಹಚ್ಚಂಗಿಲ್ಲರಿ."

ನಾನು ಕೊಳ್ಳೇಗಾಲದ ಕಡೆಯವನು. ಇಲ್ಲಿನ ಪ್ರೌಢಶಾಲೆಗೆ ಮೇಷ್ಟ್ರಾಗಿ ಬಂದೆ. ಅಮ್ಮ ಹೋದ ಮೇಲೆ ಅಪ್ಪನೂ ನನ್ನ ಜೊತೆಗೆ ಬಂದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಈ ಊರು ನನಗಿಂತ ಬೇಗ ಅಪ್ಪನಿಗೆ ಒಗ್ಗಿತು. ನಾನು ಇಲ್ಲಿಯ ಮಾತಿನ ಬಿರುಸಿಗೆ ಬೆಚ್ಚುತ್ತಿದ್ದಾಗಲೇ ಅವರು ಕಟ್ಟೆಯ ಮೇಲೆ ಕೂತು 'ಹೌದ್ರಿ, ಹೌದ್ರಿ' ಅನ್ನುತ್ತಿದ್ದರು. "ಮುದ್ದೆ ನುಂಗೋನ್ನ ಹಲ್ಲು ಹೋದ್ಮೇಲೆ ರೊಟ್ಟಿ ಸೀಮೆಗೆ ತಂದು ಬಿಟ್ಟವ್ನೆ ನನ್ಮಗ" ಎಂದು ಅವರು ದೂರಿದರೆ ಶಾಂತಾಬಾಯಿ ನಕ್ಕು, ಸಾರಿನಲ್ಲಿ ರೊಟ್ಟಿ ಮುರಿದು ನೆನೆಸಿ ಕೊಡುತ್ತಿದ್ದರು.

ಅಂದು ಬೆಳಗಿನ ಜಾವ ಅಪ್ಪನ ಉಸಿರು ನಿಂತಿತು. ನಾನು ಅವರ ಕಾಲು ಹಿಡಿದು ಕೂತುಬಿಟ್ಟೆ. ಮಾಡಬೇಕಾದದ್ದನ್ನು ಮಾಡಿದವನು ಶಾಂತಾಬಾಯಿಯ ಮಗ ಶರಣಪ್ಪ. ಮೊದಲು ಡಾಕ್ಟರನ್ನು ಕರೆತಂದ. ಅವರು ನಾಡಿ, ಕಣ್ಣು ನೋಡಿ ಹೇಳುವ ತನಕ ಯಾರಿಗೂ ಸುದ್ದಿ ಮುಟ್ಟಿಸಬಾರದು ಎಂದ. "ಚೀಟಿ ಈಗೇ ಬರೆಸ್ಕೋರಿ ಸರ್, ನಗರಸಭೆದಾಗ ಮರಣ ನೋಂದಣಿಗಿ ಕೇಳತಾರ" ಎಂದ. ಮೈ ಸೆಟೆಯುವ ಮುಂಚೆ ಅಪ್ಪನ ಕಣ್ಣು ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ. ನಾನು ಮಾಡಿದ್ದು ಒಂದೇ ಕೆಲಸ, ಅಕ್ಕ ರತ್ನಳಿಗೆ ಫೋನು.

"ನಾ ಬರೋಗಂಟ ಮಡಗಿರು ಕಣಪ್ಪ. ಮುಖ ನೋಡ್ಬೇಕು" ಎಂದಳು ಅಕ್ಕ. ಅವಳು ಕೊಳ್ಳೇಗಾಲದಿಂದ ಮೈಸೂರಿಗೆ ಬಂದು, ರೈಲು ಹತ್ತಿ ಯಾದಗಿರಿಯಲ್ಲಿ ಇಳಿದು, ಶಹಾಪುರದ ಮೇಲೆ ಬಸ್ಸಿನಲ್ಲಿ ಇಲ್ಲಿಗೆ ಮುಟ್ಟುವುದು ಮಾರನೆಯ ದಿನ. ಮಡಗಿರುತ್ತೇನೆ ಎಂದು ಮಾತು ಕೊಟ್ಟೆ. ಶಹಾಪುರದಿಂದ ಫ್ರೀಜರ್ ಪೆಟ್ಟಿಗೆ ತರಿಸಿದೆ. ನಮ್ಮ ಕಡೆ ಅದೇ ರೂಢಿ. ದೂರದವರು ಬರುವ ತನಕ ಪೆಟ್ಟಿಗೆಯಲ್ಲಿಡುತ್ತಾರೆ, ಅಕ್ಕಪಕ್ಕದವರು ತಮ್ಮ ಮನೆಯಲ್ಲಿ ಅಡುಗೆ ಮಾಡಿ ಸಾವಿನ ಮನೆಗೆ ಕೊಡುತ್ತಾರೆ. ಒಂದು ದಿನ ಕಾದರೆ ಯಾರಿಗೂ ತೊಂದರೆಯಿಲ್ಲ. ಇಲ್ಲಿಯೂ ಹಾಗೆಯೇ ಅಂದುಕೊಂಡೆ. ನಾನು ಕಾಯುತ್ತಿದ್ದೆ. ಓಣಿ ಉಪವಾಸ ಕೂತಿತ್ತು.

"ನನಗೇಕೆ ಹೇಳಲಿಲ್ಲ?" ಎಂದು, ಅಷ್ಟರಲ್ಲಿ ಅಡುಗೆಮನೆಗೆ ಬಂದ ಶರಣಪ್ಪನನ್ನು ಕೇಳಿದೆ.

"ಹೇಳಿದ್ರ ಅಕ್ಕಾರಿಗಿ ಕಾಯೋದು ಬಿಡಿಸಿದಂಗ ಆಗತಾದ, ಬಾಯಿ ಮುಚ್ಚಿಕೊಂಡಿರು ಅಂದಾಳ್ರಿ ಅವ್ವ. ಹುಡುಗರಿಗಿ ಅಂಗಡಿ ಬಿಸ್ಕೀಟ್ ಕೊಟ್ಟೀವಿ."

ನೀವಾದರೂ ಉಣ್ಣಿ ಎಂದು ಶಾಂತಾಬಾಯಿಗೆ ಕೈಮುಗಿದೆ. ಅವರಿಗೆ ಸಿಟ್ಟು ಬಂತು.

"ನಮ್ಮತ್ತಿ ಸತ್ತಾಗ ನಿಮ್ಮಪ್ಪ ಸಂಜಿತನಕ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಆ ದಿನ ನಾನು ಬಸ್ ನಿಲ್ದಾಣದ ಬಳಿ ಊಟ ಮುಗಿಸಿ ಬಂದು, ನಿಮ್ಮ ಊಟವಾಯಿತೇ ಎಂದು ಅಪ್ಪನನ್ನು ಕೇಳಿದ್ದೆ. ಆಯಿತು ಎಂದಿದ್ದರು.

ನಾನು ಹೊರಗೆ ಬಂದು ರೈಲಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದೆ. ಓಣಿಯವರು ಉಪವಾಸವಿದ್ದಾರೆ, ಇವತ್ತೇ ಎತ್ತುತ್ತೇವೆ, ವಿಡಿಯೋದಲ್ಲಿ ಮುಖ ತೋರಿಸುತ್ತೇನೆ ಎಂದೆ.

"ಫೋನಲ್ಲಿ ನೋಡೋ ಮುಖವೇನೋ ಅದು?" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಇಲ್ಲಿ ಅಂತ್ಯಕ್ರಿಯೆಯನ್ನು 'ಮಣ್ಣು' ಅನ್ನುತ್ತಾರೆ. ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು. ಹಿಂದಿರುಗುವಾಗ ಓಣಿಯ ಮನೆಗಳಿಂದ ಹೊಗೆ ಏಳುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ನನ್ನ ಮನಸ್ಸು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ಅಕ್ಕ ಆಗ ಇನ್ನೂ ರೈಲಿನಲ್ಲಿದ್ದಳು.

ಬೆಳಿಗ್ಗೆ ಬಂದವಳನ್ನು ನೇರ ಅಪ್ಪನನ್ನು ಹೂಳಿದ ಗುಡ್ಡೆಯ ಬಳಿ ಕರೆದೊಯ್ದೆ. ಅವಳು ಅಳಲಿಲ್ಲ. "ನಿಂಗೆ ಇವ್ರೇ ಹೆಚ್ಚಾದ್ರು, ಅಲ್ವಾ?" ಎಂದಳು. ಮನೆಗೆ ಬಂದರೆ ಶಾಂತಾಬಾಯಿ ರೊಟ್ಟಿ, ಸಾರು ಇಟ್ಟುಕೊಂಡು ಕೂತಿದ್ದರು. ಅಕ್ಕ ಬೇಡವೆಂದಳು.

"ಆತು. ನೀ ಉಣ್ಣೋತನಕ ನಾನೂ ಉಣ್ಣಂಗಿಲ್ಲ."

"ಅಕ್ಕ, ಅವರಿಗೆ ಸಕ್ಕರೆ ಕಾಯಿಲೆ" ಎಂದೆ. ಅಕ್ಕ ಅವರ ಮುಖ ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡಳು. "ಇದನ್ನ ಹೆಂಗ್ ತಿನ್ನೋದು?"

"ಸಾರಾಗ ಮುರುದು ಹಾಕವ್ವ. ನಿಮ್ಮಪ್ಪಗೂ ಹಂಗೇ ಕಲಿಸೀನಿ."

ಅಪ್ಪನ ಹೆಸರೆತ್ತಿದ ಮೇಲೆ ಅಕ್ಕನಿಗೆ ಅಳು ಬಂತು. ಅಳುತ್ತಲೇ ಅರ್ಧ ರೊಟ್ಟಿ ತಿಂದಳು. ನನ್ನ ಕಡೆ ತಿರುಗಲಿಲ್ಲ. ಊರಿಗೆ ಹೋದ ಮೇಲೂ ತಲುಪಿದೆ ಎಂದಷ್ಟೇ ತಿಳಿಸಿದಳು.

ನಮ್ಮ ಕಡೆಯಿಂದ ಈ ಸೀಮೆಗೆ ಬಂದು ನೆಲೆಸಿದವರು ಡಾಕ್ಟರ ಚೀಟಿ ಬರೆಸಿಕೊಳ್ಳಿ, ನಗರಸಭೆಗೆ ಹೋಗಿ. ಆದರೆ ದೂರದವರಿಗೆ ಕಾಯುತ್ತೇನೆಂದು ಮಾತು ಕೊಡುವ ಮುಂಚೆ ಓಣಿಯಲ್ಲಿ ಯಾರು ಉಂಡಿಲ್ಲ ಎಂದು ವಿಚಾರಿಸಿ. ಪ್ರತಿ ವರ್ಷ ಊರ ಕಡೆಗೆ ವರ್ಗ ಕೇಳುತ್ತಿದ್ದೆ. ಈ ವರ್ಷ ಕೇಳಿಲ್ಲ. ಹೋದರೆ ಅಪ್ಪ ಇಲ್ಲಿ ಉಳಿಯುತ್ತಾರೆ. ಇದ್ದರೆ ಅಕ್ಕನ ಮಾತು ನಿಜವಾಗುತ್ತದೆ.

ಉಪವಾಸವಿದ್ದವರ ಹೊಸ್ತಿಲ ಮೇಲೆ ನಾನು ಖಾಲಿ ಥರ್ಮಾಸ್ ಹಿಡಿದು ನಿಂತಿದ್ದನ್ನು ಕಂಡವರು ಶಾಂತಾಬಾಯಿ ಮತ್ತು ಶರಣಪ್ಪ. ಇಬ್ಬರೂ ಇದ್ದಾರೆ, ಗೋಡೆಯಾಚೆ. ಅಪ್ಪನ ಮುಖ ಕಾಣದ ಅಕ್ಕ ರತ್ನಳೂ ಇದ್ದಾಳೆ, ಕೊಳ್ಳೇಗಾಲದಲ್ಲಿ.