ಪುದೀನ ಎಣ್ಣೆಯ ತಂಪು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಸೀಸೆ ಹಸಿರಾಗಿತ್ತೋ, ಒಳಗಿನ ಎಣ್ಣೆಯೇ ಹಸಿರಾಗಿತ್ತೋ, ಈಗ ಹೇಳಲಾರೆ. ಮೊನ್ನೆ ಗಂಗಾವತಿಯಲ್ಲಿ ಚಿಗವ್ವನ ಮನೆಯ ಹೊಸ್ತಿಲು ದಾಟುವಾಗ ಪುದೀನ ಎಣ್ಣೆಯ ವಾಸನೆ ಬಂತು. ಅಷ್ಟಕ್ಕೇ ನನ್ನ ಹಣೆ ತಣ್ಣಗಾಯಿತು ಎಂದು ಬರೆದುಕೊಳ್ಳುವ ಆಸೆ. ಆದದ್ದು ನಿಜವೋ, ಅನುಮಾನ.

ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಅವ್ವನ ಈ ತಂಗಿಯೇ ಹಣೆಗೆ ಆ ಎಣ್ಣೆ ತೀಡುತ್ತಿದ್ದಳು.

"ತಣ್ಣಗಾತಿಲ್ಲ?"

"ಹ್ಞೂಂ."

"ಮತ್ಯಾಕ ಮಾರಿ ಸಣ್ಣದು ಮಾಡಿ? ಎದ್ದು ಗಂಜಿ ಕುಡಿ."

ಜ್ವರ ಇಳಿಯಿತೆಂದೇ ಇಬ್ಬರೂ ನಂಬುತ್ತಿದ್ದೆವು. ಮುಂದೆ ಕಾಲೇಜಿನಲ್ಲಿ ಓದಿದೆ: ಪುದೀನದೊಳಗಿನ ಮೆಂಥಾಲ್ ಮೈಯ ಕಾವನ್ನು ಇಳಿಸುವುದಿಲ್ಲ. ನರದ ತುದಿಯಲ್ಲಿ ಚಳಿಗೆಂದೇ ತೆರೆಯುವ ಸಣ್ಣ ಬಾಗಿಲೊಂದಿದೆ. ಮೆಂಥಾಲ್ ಅದನ್ನು ತೆರೆಯುತ್ತದೆ, ಅಷ್ಟೇ. ಮಿದುಳಿಗೆ ತಂಪಿನ ಸುದ್ದಿ ಹೋಗುತ್ತದೆ, ಹಣೆ ಸುಡುತ್ತಲೇ ಇರುತ್ತದೆ. ಹಾಗಾದರೆ ನನಗಾದ ಆರಾಮ ಯಾವ ಲೆಕ್ಕದ್ದು? ಸುಳ್ಳೆನ್ನಲು ಮನಸ್ಸು ಬಾರದು, ನಿಮಗಾದರೂ ಬಂದೀತೇ?

ಈಗ ಚಿಗವ್ವನಿಗೆ ಸಕ್ಕರೆ ಕಾಯಿಲೆ. ಆದರೂ ಮಾಳಿಗೆಯ ಮೇಲೆ ಭತ್ತ ಒಣಹಾಕಿ, ಬರಿಗಾಲನ್ನು ಎಳೆಯುತ್ತ ಸಾಲು ಸಾಲಾಗಿ ತಿರುವುತ್ತಾಳೆ. ಕಳೆದ ವಾರ ಕಾದ ಸಿಮೆಂಟಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸ್ಪರ್ಶ ಹೋಗಿದ್ದರೆ ಮುಂದೊಂದು ಗಾಯಕ್ಕೆ ಕಾಲನ್ನೇ ತೆಗೆಯಬೇಕಾದೀತು ಎಂದಿದ್ದಾರೆ ಡಾಕ್ಟರು.

"ಚಪ್ಪಲಿ ಹಾಕ್ಕೊ ಚಿಗವ್ವ."

"ಚಪ್ಪಲಿಗಾಲಿಲೆ ನೆಲ್ಲು ತುಳೀಲೇನು? ಉಣ್ಣೋ ಅನ್ನ ಅದು. ನನ್ನ ಕಾಲಿಗೆ ಎಲ್ಲಾ ತಿಳೀತೈತಿ. ಎಣ್ಣಿ ಹಚ್ಚಿದ ಕೂಡ್ಲೆ ತಣ್ಣಗಾಗತೈತಿ. ಭಾಳ ಓದಿದಾಕಿ, ನೀನ ಹಚ್ಚಿ ನೋಡು."

ಪಾದಕ್ಕೆ ತಂಪು ತಿಳಿದರೆ ಆ ನರ ಇನ್ನೂ ಬದುಕಿದೆ. ಆದರೆ ಆ ಎಣ್ಣೆಯ ಘಾಟು ಮೂಗಿನೊಳಗೂ ತಂಪು ತರುತ್ತದೆ. ತಣ್ಣಗಾಯಿತು ಎನ್ನುತ್ತಿರುವುದು ಅವಳ ಕಾಲೋ, ಮೂಗೋ, ಇಷ್ಟು ವರ್ಷದ ರೂಢಿಯೋ?

ಕಣ್ಣು ಮುಚ್ಚೆಂದೆ. ಬೊಬ್ಬೆಯನ್ನು ಬಿಟ್ಟು ಒಂದು ಪಾದಕ್ಕೆ ಪುದೀನ ಎಣ್ಣೆ, ಇನ್ನೊಂದಕ್ಕೆ ಬರೀ ಕೊಬ್ಬರಿ ಎಣ್ಣೆ ತೀಡಿ ಕೇಳಿದೆ, "ಯಾವ ಕಾಲು ತಣ್ಣಗಾತು?"

ಚಿಗವ್ವ ಉದ್ದಕ್ಕೆ ಉಸಿರೆಳೆದುಕೊಂಡಳು. "ಎರಡೂ ನನ್ನ ಕಾಲ ಅಲ್ಲೇನ?" ಎಂದು ನಕ್ಕಳು.

ಕಿಟಕಿ ತೆರೆದೆ. ವಾಸನೆ ಕಡಿಮೆಯಾಗಲಿ ಎಂದು ಸೀಸೆಯನ್ನು ಹೊರಗಿಟ್ಟು ಬಂದೆ.

"ಈಗ ಹೇಳು ಚಿಗವ್ವ. ಯಾವ ಕಾಲು?"

ಈ ಸಲ ಅವಳು ನಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದೊಂದು ಪಾದವನ್ನೂ ಸವರಿ, ಬೆರಳನ್ನು ಮೂಗಿಗೆ ಹಿಡಿದಳು.