ವಾಲದ ಕಾರು

ನಮ್ಮ ಯಜಮಾನರು ಶಿರಾದ ಮನೆಗೆ ಯಾರೋ ಬಳಸಿದ್ದ ದೊಡ್ಡ ಕಾರೊಂದನ್ನು ತಂದಾಗ ಎಲ್ಲರೂ ಖುಷಿಪಟ್ಟರು, ಮಾವ ಒಬ್ಬರನ್ನು ಬಿಟ್ಟು. ಮಾವ ಪಾವಗಡದ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಮೊದಲ ಸಲ ಮಧುಗಿರಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ಮೈ ಬಿಗಿಹಿಡಿದು ಕಾದರು. ಕಾರು ವಾಲಲೇ ಇಲ್ಲ.

ಯಜಮಾನರು ಹೆಮ್ಮೆಯಿಂದ ವಿವರಿಸಿದರು: ಮುಂದಿನ ಎರಡು ಚಕ್ರಗಳ ನಡುವೆ ದಪ್ಪನೆಯ ಸರಳಿದೆ, ಅದರ ಮಧ್ಯೆ ಒಂದು ಮೋಟಾರು, ಗಾಡಿ ವಾಲಲು ಹೊರಟಿತೆಂದು ಸೆನ್ಸರ್ ಸುದ್ದಿ ಮುಟ್ಟಿಸಿದ ಕೂಡಲೇ ಮೋಟಾರು ಆ ಸರಳನ್ನು ತಿರುಚಿ ಗಾಡಿಯನ್ನು ನೆಟ್ಟಗೆ ಹಿಡಿಯುತ್ತದೆ.

"ವಾಲಿದ್ರೇನೇ ಸ್ಪೀಡು ಎಷ್ಟೈತೆ ಅಂತ ಮೈಗೆ ಗೊತ್ತಾಗೋದು," ಎಂದರು ಮಾವ. "ಇದು ಮುಚ್ಚಿಡ್ತೈತೆ."

ಆಮೇಲೆ ಅವರು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಾರಿನ ಕೆಳಗೆ ಇಣುಕುವುದನ್ನು ಹಲವು ಬೆಳಿಗ್ಗೆ ಕಂಡೆ.

ಕೆಲವು ವಾರ ಕಳೆದಿರಬೇಕು. ಕೊರಟಗೆರೆಯಿಂದ ನಾನೂ ಯಜಮಾನರೂ ಇಬ್ಬರೇ ಬರುವಾಗ ಸ್ಟಿಯರಿಂಗಿನ ಮುಂದೆ ಹಳದಿ ದೀಪವೊಂದು ಹೊತ್ತಿತು. ಮುಂದಿನ ತಿರುವಿನಲ್ಲಿ ಕಾರು ಬಸ್ಸಿನಂತೆಯೇ ಒಂದು ಪಕ್ಕಕ್ಕೆ ವಾಲಿತು. ನನ್ನ ತೊಡೆಯ ಮೇಲಿದ್ದ ಹೂವಿನ ಕವರು ಜಾರಿ ಕೆಳಗೆ ಬಿತ್ತು. ಯಜಮಾನರು ಮನೆಗೆ ಬಂದವರೇ ಅಡುಗೆಮನೆಗೆ ನುಗ್ಗಿ ದನಿ ತಗ್ಗಿಸಿದರು.

"ಅಪ್ಪನೇ ಏನೋ ಕಿತ್ತಾಕೈತೆ. ನೀನು ನೋಡಿದ್ಯಾ?"

ಇಣುಕಿದ್ದು ನೋಡಿದ್ದೇನೆ, ಮುಟ್ಟಿದ್ದು ನೋಡಿಲ್ಲ ಎಂದೆ. ಅವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಅಂದು ಮಾವನಿಗೆ ಮುದ್ದೆ ಇಡುವಾಗ ನನ್ನ ಕಣ್ಣೂ ಅವರ ಉಗುರುಗಳಲ್ಲಿ ಗ್ರೀಸು ಹುಡುಕಿತು. ಅವರು ಕೈ ಹಿಂದಕ್ಕೆಳೆದುಕೊಂಡರು. ತಪ್ಪು ಮಾಡಿದ್ದಕ್ಕೋ, ನನ್ನ ನೋಟಕ್ಕೋ, ತಿಳಿಯಲಿಲ್ಲ.

ಗ್ಯಾರೇಜಿನಲ್ಲಿ ಕಾರನ್ನು ಎತ್ತಿ ನೋಡಿದರು. ಮೋಟಾರಿಗೆ ಹೋಗುವ ವೈರು ತುಂಡಾಗಿತ್ತು. ಇಲಿ ಕಡಿದಿದೆ ಎಂದ ಮೆಕ್ಯಾನಿಕ್. ಯಜಮಾನರು ನಂಬದೆ, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದರೂ ಹೀಗೇ ಇರುವುದಿಲ್ಲವೇ ಎಂದು ಕೇಳಿದರು. ಅವನು ಹಲ್ಲಿನ ಗುರುತುಗಳನ್ನೂ ಕಾರಿನ ಅಡಿಯ ತಗಡಿನ ಮೇಲೆ ಬಿದ್ದಿದ್ದ ಇಲಿ ಹಿಕ್ಕೆಯನ್ನೂ ತೋರಿಸಿದ ಮೇಲೆಯೇ ಒಪ್ಪಿದರು.

ಸಂಜೆ ಇಲಿಯ ಸುದ್ದಿಯನ್ನು ಮಾವನಿಗೆ ನಗುತ್ತಲೇ ಹೇಳಿದರು. ಮಾವ ನಗಲಿಲ್ಲ.

"ನನ್ ಮ್ಯಾಲೆ ಅನುಮಾನ ಇತ್ತು ಅಂತ ಗೊತ್ತಿತ್ತು ಬುಡು. ನೋಡ್ದೆ ಕಣ್ಲಾ, ಮುಟ್ಲಿಲ್ಲ. ನನ್ನೇ ಒಂದ್ ಮಾತು ಕೇಳ್ಬೋದಾಗಿತ್ತು."

ಮೊನ್ನೆ ಪಾವಗಡಕ್ಕೆ ಹೊರಟಾಗ ಮಾವ ಕಾರಿನ ಬಾಗಿಲಿಗೂ ಕೈ ಹಾಕದೆ ನಿಂತೇ ಇದ್ದರು. ಯಜಮಾನರು ಇಳಿದು, ಸುತ್ತಿ ಬಂದು ತೆಗೆದ ಮೇಲೆಯೇ ಒಳಗೆ ಕೂತದ್ದು.